ಪ್ರೆಶರ್ ಏರಿಸಿದ ಮೇಲೆ ಪೆಟ್ರೋಲ್ ಕಮ್ಮಿಯಾದ ಕಾರು

"ಅಣ್ಣಾ, ಫ್ಯುಯೆಲ್ ಪ್ರೆಶರ್ 3 ಬಾರ್‌ನಿಂದ 4 ಬಾರ್‌ಗೆ ಏರಿಸಿದ್ದಾರೆ. ಆದ್ರೂ ಆರ್‌ಪಿಎಂ ಮೇಲೆ ಹೋದಾಗ ಮೊದಲಿಗಿಂತ ಜಾಸ್ತಿ ಲೀನ್ ಆಗ್ತಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗ್ತಿಲ್ಲ. ಪ್ರೆಶರ್ ಹೆಚ್ಚಾದ್ರೆ ಪೆಟ್ರೋಲ್ ಹೆಚ್ಚು ಬರ್ಬೇಕಲ್ವಾ?"

ಫೋನ್ ಮಾಡಿದ್ದು ನನ್ನ ಗೆಳೆಯನ ತಮ್ಮ. ಪ್ರಶ್ನೆ ಸರಿಯಾಗಿತ್ತು. ಬರಲೇಬೇಕು. ಬರುತ್ತಿಲ್ಲ ಎಂದರೆ ಎಲ್ಲೋ ಒಂದು ಕಡೆ ಲೆಕ್ಕ ಸುಳ್ಳು ಹೇಳುತ್ತಿದೆ. "ಇನ್ನು ಮೇಲೆ ಗಾಡೀನ ಜೋರಾಗಿ ಓಡಿಸ್ಬೇಡ, ಬೂಸ್ಟ್‌ಗೇ ಹೋಗ್ಬೇಡ. ನಿಧಾನಕ್ಕೆ ತಗೊಂಡು ಬಾ" ಅಂದೆ.

ಗಾಡಿಯ ಪರಿಚಯ ಮೊದಲು. 2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಪೆಟ್ರೋಲ್ ಎಂಜಿನ್. ಇಂಜೆಕ್ಟರ್‌ಗಳು ಇನ್‌ಟೇಕ್ ಪೋರ್ಟ್‌ನಲ್ಲಿವೆ, ಸಿಲಿಂಡರ್ ಒಳಗಲ್ಲ. ಕಂಪನಿ ಕೊಟ್ಟಾಗ ಬೂಸ್ಟ್, ಅಂದರೆ ಟರ್ಬೊ ಒಳಕ್ಕೆ ತಳ್ಳುವ ಗಾಳಿಯ ಒತ್ತಡ, 0.8 ಬಾರ್ ಇತ್ತು. ದೊಡ್ಡ ಟರ್ಬೊ ಹಾಕಿಸಿ 1.5 ಬಾರ್ ಮಾಡಿಸಿದ್ದ. ಇಂಜೆಕ್ಟರ್ ಮಾತ್ರ ಹಳೆಯವೇ. 3 ಬಾರ್ ಒತ್ತಡದಲ್ಲಿ ಒಂದೊಂದೂ ನಿಮಿಷಕ್ಕೆ 440 ಸಿಸಿ ಬಿಡುವಂಥವು. ಟ್ಯಾಂಕ್ ಒಳಗಿನ ಪಂಪ್ ಕೂಡ ಗಾಡಿ ಜೊತೆ ಬಂದದ್ದೇ.

ಟರ್ಬೊ ಹಾಕಿದ ವರ್ಕ್‌ಶಾಪ್‌ನ ಲಾಗ್ ಅವನ ಬಳಿ ಇತ್ತು. 4500 ಆರ್‌ಪಿಎಂನಲ್ಲಿ ಲ್ಯಾಂಬ್ಡಾ 0.79. ಬೂಸ್ಟ್‌ನಲ್ಲಿ ಈ ಎಂಜಿನ್‌ಗೆ ನಾನು ಬಯಸುವುದೂ ಅಷ್ಟೇ. ಲ್ಯಾಂಬ್ಡಾ 1 ಅಂದರೆ ಗಾಳಿಗೆ ತಕ್ಕಷ್ಟೇ ಪೆಟ್ರೋಲ್, ಸುಮಾರು 14.7 ಕೆಜಿ ಗಾಳಿಗೆ 1 ಕೆಜಿ. ಪೆಟ್ರೋಲ್ ಜಾಸ್ತಿಯಾದರೆ ಈ ಸಂಖ್ಯೆ ಇಳಿಯುತ್ತದೆ, ಕಮ್ಮಿಯಾದರೆ ಏರುತ್ತದೆ. ಬೂಸ್ಟ್‌ನಲ್ಲಿ ಅದಕ್ಕಿಂತ ಜಾಸ್ತಿ ಪೆಟ್ರೋಲ್ ಕೊಡುತ್ತೇವೆ. ಅದು ಆವಿಯಾಗುವಾಗ ಒಳಗಿನ ಬಿಸಿ ಎಳೆದುಕೊಳ್ಳುತ್ತದೆ, ನಾಕಿಂಗ್, ಅಂದರೆ ಸಿಲಿಂಡರ್‌ನಲ್ಲಿ ಮಿಶ್ರಣ ತಾನಾಗಿ ಸಿಡಿಯುವುದು, ದೂರ ಇರುತ್ತದೆ. ಇದೇ ಲಾಗ್‌ನಲ್ಲಿ 6600 ಆರ್‌ಪಿಎಂಗೆ ಬಂದಾಗ ಲ್ಯಾಂಬ್ಡಾ 0.90. ಇಂಜೆಕ್ಟರ್ ಡ್ಯೂಟಿ, ಅಂದರೆ ಒಂದು ಸೈಕಲ್‌ನಲ್ಲಿ ಅದನ್ನು ತೆರೆದಿಡುವ ಸಮಯದ ಪಾಲು, ಶೇ. 110.

ಶೇ. 110 ಡ್ಯೂಟಿ ಅನ್ನುವುದು ಪ್ರಪಂಚದಲ್ಲಿ ಇಲ್ಲ. 6600 ಆರ್‌ಪಿಎಂನಲ್ಲಿ ಎಂಜಿನ್‌ನ ಒಂದು ಪೂರ್ತಿ ಸೈಕಲ್‌ಗೆ, ಅಂದರೆ ಎರಡು ಸುತ್ತಿಗೆ, 18.2 ಮಿಲಿಸೆಕೆಂಡ್ ಸಿಗುತ್ತದೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, 20 ಮಿಲಿಸೆಕೆಂಡ್ ತೆರೆದಿಡು ಎಂದು ಕೇಳುತ್ತಿದೆ. ಇಂಜೆಕ್ಟರ್ ಮುಚ್ಚುವುದಕ್ಕೇ ಪುರುಸೊತ್ತಿಲ್ಲ, ಸದಾ ತೆರೆದೇ ಇದೆ. ಅಲ್ಲಿಂದ ಮುಂದೆ ಇಸಿಯು ಎಷ್ಟು ಕೇಳಿದರೂ ಒಂದು ಹನಿ ಜಾಸ್ತಿ ಬರುವುದಿಲ್ಲ.

ಇದನ್ನು ನೋಡಿ ವರ್ಕ್‌ಶಾಪ್‌ನವರು ಇಂಜೆಕ್ಟರ್ ಚಿಕ್ಕದಾಯಿತು ಅಂತ ತೀರ್ಮಾನಿಸಿದರು. ಅದು ತಪ್ಪಲ್ಲ. ಹೊಸ ಇಂಜೆಕ್ಟರ್‌ಗೆ ಖರ್ಚು ಜಾಸ್ತಿ, ಅಡ್ಜಸ್ಟ್ ಮಾಡಬಹುದಾದ ಪ್ರೆಶರ್ ರೆಗ್ಯುಲೇಟರ್ ಹಾಕಿದರೆ ಕಮ್ಮಿಯಲ್ಲಿ ಮುಗಿಯುತ್ತದೆ ಎಂದುಕೊಂಡರು. ಒತ್ತಡ ಏರಿದಂತೆ ಹರಿವು ಅದರ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. 4 ಭಾಗಿಸು 3, ಅದರ ವರ್ಗಮೂಲ 1.155. 440 ಸಿಸಿ ಇಂಜೆಕ್ಟರ್ 508 ಸಿಸಿ ಆಯಿತು. ಕಾಗದದ ಮೇಲೆ ಪುಕ್ಕಟೆಯಾಗಿ ಶೇ. 15 ಸಿಕ್ಕಿತು. ರೆಗ್ಯುಲೇಟರ್ ಹಾಕಿ, 4 ಬಾರ್‌ಗೆ ತಿರುಗಿಸಿ, ಇಸಿಯುನಲ್ಲಿ ಇಂಜೆಕ್ಟರ್ ಸೈಜ್ 440 ಇದ್ದದ್ದನ್ನು 508 ಮಾಡಿ ಕಳಿಸಿದರು.

ಡ್ಯೂಟಿ ಶೇ. 96ಕ್ಕೆ ಇಳಿಯಿತು. ಅದೇ 6600ರಲ್ಲಿ ಲ್ಯಾಂಬ್ಡಾ ಮಾತ್ರ 0.95ಕ್ಕೆ ಏರಿತು.

1.5 ಬಾರ್ ಬೂಸ್ಟ್‌ನಲ್ಲಿ 0.95 ಅಂದರೆ ಕೈಯಾರೆ ಪಿಸ್ಟನ್ ಸುಟ್ಟಂತೆ. ಇಸಿಯು ನಾಕ್ ಕೇಳಿಸಿಕೊಂಡು ಇಗ್ನಿಷನ್ ಟೈಮಿಂಗ್ ಅನ್ನು, ಅಂದರೆ ಸ್ಪಾರ್ಕ್ ಹೊಡೆಯುವ ಹೊತ್ತನ್ನು, 4 ಡಿಗ್ರಿ ಹಿಂದಕ್ಕೆ ಎಳೆದಿತ್ತು. ಗಾಡಿ ಬದುಕಿದ್ದೇ ಅದರಿಂದ.

ನಾನು ಮೊದಲು ಮಾಡಿದ ಕೆಲಸ ಫ್ಯುಯೆಲ್ ರೈಲ್‌ಗೆ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್‌ಗೆ, ಒಂದು ಪ್ರೆಶರ್ ಸೆನ್ಸರ್ ಕೂರಿಸಿದ್ದು. 10 ಬಾರ್‌ವರೆಗೆ ಅಳೆಯುವ ಸಾಮಾನ್ಯ ಸೆನ್ಸರ್. ಅದರ ವೈರ್ ಅನ್ನು ಲಾಗರ್‌ಗೆ ಕೊಟ್ಟೆ. ಬಾನೆಟ್ ಕೆಳಗೆ ಮುಳ್ಳಿನ ಗೇಜ್ ಇಟ್ಟುಕೊಂಡು ಐಡ್ಲಿಂಗ್‌ನಲ್ಲಿ "4 ಬಾರ್ ತೋರಿಸ್ತಿದೆ ನೋಡಿ" ಅನ್ನುವವರು ತುಂಬ ಜನ. ಐಡ್ಲಿಂಗ್‌ನಲ್ಲಿ ಎಲ್ಲ ಗಾಡಿಯೂ ಸಾಧು. ತೊಂದರೆ ಇರುವುದು 6600ರಲ್ಲಿ, ಅಲ್ಲಿ ಬಾನೆಟ್ ತೆರೆದು ನೋಡುವವರು ಯಾರೂ ಇಲ್ಲ.

ಅಳೆಯುವಾಗ ಒಂದು ವಿಷಯ ನೆನಪಿಡಬೇಕು. ರೈಲ್‌ನ ಒತ್ತಡ ಒಂದನ್ನೇ ನೋಡಿ ಪ್ರಯೋಜನವಿಲ್ಲ. ಇಂಜೆಕ್ಟರ್‌ನ ಬಾಲ ರೈಲ್‌ನಲ್ಲಿದೆ, ಬಾಯಿ ಎಂಜಿನ್‌ಗೆ ಗಾಳಿ ತರುವ ಮ್ಯಾನಿಫೋಲ್ಡ್‌ನಲ್ಲಿದೆ. ಬೂಸ್ಟ್ ಏರಿದಾಗ ಬಾಯಿಯ ಕಡೆಯಿಂದ ಗಾಳಿ ಎದುರು ತಳ್ಳುತ್ತದೆ. ಅದಕ್ಕೇ ರೆಗ್ಯುಲೇಟರ್ ತಲೆಗೆ ಮ್ಯಾನಿಫೋಲ್ಡ್‌ನಿಂದ ಒಂದು ಪೈಪ್ ಕೊಟ್ಟಿರುತ್ತಾರೆ. ಬೂಸ್ಟ್ ಎಷ್ಟು ಏರಿತೋ ರೈಲ್ ಒತ್ತಡವೂ ಅಷ್ಟೇ ಏರಬೇಕು. ಪೈಪ್ ಕಿತ್ತಿಟ್ಟಾಗ 4 ಬಾರ್ ಇದ್ದರೆ, 1.5 ಬಾರ್ ಬೂಸ್ಟ್‌ನಲ್ಲಿ 5.5 ಬಾರ್ ಇರಬೇಕು. ಎರಡರ ವ್ಯತ್ಯಾಸ ಯಾವಾಗಲೂ 4. ಈ ವ್ಯತ್ಯಾಸವೇ ಅಸಲಿ ಸಂಖ್ಯೆ.

ಡೈನೋ ಮೇಲೆ, ಅಂದರೆ ನಿಂತಲ್ಲೇ ಗಾಡಿ ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ, ಬಿಟ್ಟೆವು. ಲ್ಯಾಂಬ್ಡಾ 0.85 ದಾಟಿದ ಕೂಡಲೇ ಕಾಲು ತೆಗೆಯುವುದು ಎಂದು ಮಾತಾಗಿತ್ತು. ಹಾಗಾಗಿ ಮೊದಲು 5900ಕ್ಕೆ ನಿಲ್ಲಿಸಿದೆವು. ಆಮೇಲೆ 6600ರ ಲೆಕ್ಕ ಬೇಕಿತ್ತು. ಟೈಮಿಂಗ್ ಚೆನ್ನಾಗಿ ಇಳಿಸಿಕೊಂಡು, ಒಂದೇ ಒಂದು ಸಲ, ಎರಡು ಸೆಕೆಂಡ್ ಮಟ್ಟಿಗೆ ಮೇಲಕ್ಕೆ ಹೋಗಿ ಬಂದೆವು. 4500ರಲ್ಲಿ ರೈಲ್ 5.5 ಬಾರ್, ಗೆರೆ ಎಳೆದ ಹಾಗೆ. 6000ದಲ್ಲಿ 4.9. 6600ರಲ್ಲಿ 4.3. ಬೂಸ್ಟ್ 1.5 ಕಳೆದರೆ ಉಳಿದದ್ದು 2.8 ಬಾರ್. 4 ಇರಬೇಕಾದ ಕಡೆ 2.8.

2.8 ಭಾಗಿಸು 4, ವರ್ಗಮೂಲ 0.837. ಬೇಕಾದದ್ದಕ್ಕಿಂತ ಶೇ. 16 ಕಮ್ಮಿ ಪೆಟ್ರೋಲ್. 0.79 ಅನ್ನು 0.837ರಿಂದ ಭಾಗಿಸಿದರೆ 0.94. ಲಾಗ್‌ನಲ್ಲಿ ಇದ್ದದ್ದು 0.95. ಇಷ್ಟು ಹತ್ತಿರ ಬಂದರೆ ಕಾಯಿಲೆ ಸಿಕ್ಕಿತು ಅಂತಲೇ ಅರ್ಥ. ಪಂಪ್ ಸೋತಿದೆ.

ಹುಡುಗನಿಗೆ ಇನ್ನೂ ಸಮಾಧಾನವಿಲ್ಲ. "ಸರಿ ಅಣ್ಣಾ, ಪಂಪ್ ವೀಕ್. ಆದ್ರೆ ಅದೇ ಪಂಪ್ ಮೊದಲೂ ಇತ್ತಲ್ಲ? ಆಗ 0.90 ಇತ್ತು. ಸ್ಕ್ರೂ ತಿರುಗಿಸಿದ್ಮೇಲೆ ಯಾಕೆ ಕೆಟ್ಟದ್ದಾಯ್ತು?"

ಈ ಪ್ರಕರಣದಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇದೇ. ತಾರಸಿ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಮೋಟರ್ ನೀರು ತುಂಬುತ್ತಿದೆ, ಕೆಳಗೆ ನಲ್ಲಿಗಳು ತೆರೆದಿವೆ, ಮೇಲ್ಗಡೆ ಒಂದು ಓವರ್‌ಫ್ಲೋ ಪೈಪ್ ಇದೆ. ಆ ಪೈಪ್ ಅನ್ನು ಅರ್ಧ ಅಡಿ ಮೇಲೆ ಕೂರಿಸಿದರೆ ನೀರಿನ ಮಟ್ಟ ಏರುತ್ತದೆ. ಆದರೆ ಯಾವಾಗ? ಮೋಟರ್ ಕೊಡುವುದು ನಲ್ಲಿಗಳು ಎಳೆಯುವುದಕ್ಕಿಂತ ಜಾಸ್ತಿ ಇದ್ದಾಗ ಮಾತ್ರ. ನಲ್ಲಿಗಳೇ ಎಲ್ಲ ಎಳೆದುಕೊಂಡು ನೀರು ಪೈಪ್‌ವರೆಗೆ ಬರುವುದೇ ಇಲ್ಲ ಅಂದಾಗ, ಪೈಪ್ ಎಷ್ಟು ಎತ್ತರದಲ್ಲಿದ್ದರೆ ಏನು?

ರೆಗ್ಯುಲೇಟರ್ ಎಂದರೆ ಆ ಓವರ್‌ಫ್ಲೋ ಪೈಪ್. ಅದು ಒತ್ತಡ ಹುಟ್ಟಿಸುವುದಿಲ್ಲ. ಇಟ್ಟ ಒತ್ತಡ ಮುಟ್ಟುವವರೆಗೆ ವಾಪಸ್ ದಾರಿ ಮುಚ್ಚಿಟ್ಟು, ಆಮೇಲೆ ಮಿಕ್ಕಿದ ಪೆಟ್ರೋಲನ್ನು ಟ್ಯಾಂಕ್‌ಗೆ ಬಿಡುತ್ತದೆ, ಅಷ್ಟೇ. 6600ರಲ್ಲಿ ಮಿಕ್ಕಿದ್ದು ಏನೂ ಇಲ್ಲ. ರೆಗ್ಯುಲೇಟರ್ ಮೊದಲೇ ಪೂರ್ತಿ ಮುಚ್ಚಿಕೊಂಡು ಕೂತಿದೆ. ಸ್ಕ್ರೂವನ್ನು 3ಕ್ಕೆ ಇಡಿ, 4ಕ್ಕೆ ಇಡಿ, ಅಲ್ಲಿ ವ್ಯತ್ಯಾಸ ಸೊನ್ನೆ.

ವ್ಯತ್ಯಾಸ ಆದದ್ದು ಇಸಿಯುನಲ್ಲಿ. "ನಿನ್ನ ಇಂಜೆಕ್ಟರ್ ಈಗ 508 ಸಿಸಿ" ಅಂತ ಅದಕ್ಕೆ ಹೇಳಿದ್ದಾರೆ. ಪಾಪ, ಅದು ನಂಬಿತು. ದೊಡ್ಡ ಇಂಜೆಕ್ಟರ್ ಅಲ್ವಾ, ಕಡಿಮೆ ಹೊತ್ತು ತೆರೆದರೆ ಸಾಕು ಅಂತ ಸಮಯ ಕತ್ತರಿಸಿತು. ಮೊದಲು ಇಂಜೆಕ್ಟರ್ ಪೂರ್ತಿ ತೆರೆದೇ ಇರುತ್ತಿತ್ತು. ಈಗ ಡ್ಯೂಟಿ ಶೇ. 96 ಅಂದರೂ, ಸೂಜಿ ಏಳಲು ಹೋಗುವ ಹೊತ್ತು ಕಳೆದರೆ ಪೆಟ್ರೋಲ್ ಹರಿಯುವ ಸಮಯ ಶೇ. 90ರಷ್ಟೇ. ನಲ್ಲಿ ಸ್ವಲ್ಪ ಮುಚ್ಚಿದ್ದರಿಂದ ರೈಲ್‌ನಲ್ಲಿ ಒತ್ತಡ ಒಂದಿಷ್ಟು ಏರಿತು. ಒತ್ತಡ ಏರಿದಾಗ ಪಂಪ್ ಕೊಡುವುದು ಇನ್ನೂ ಕಮ್ಮಿಯಾಗುತ್ತದೆ, ಇಂಥ ಪಂಪ್‌ಗಳ ಗುಣವೇ ಅದು. ನನ್ನ ಲೆಕ್ಕದ ಪ್ರಕಾರ ಮೊದಲು ಎಂಜಿನ್‌ಗೆ ಗಂಟೆಗೆ 96 ಲೀಟರ್ ಲೆಕ್ಕದಲ್ಲಿ ಸಿಗುತ್ತಿತ್ತು, ರೆಗ್ಯುಲೇಟರ್ ತಿರುಗಿಸಿದ ಮೇಲೆ 92. ಬೇಕಿದ್ದದ್ದು 110. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಆ 110 ಎಲ್ಲಿಂದ ಬಂತು ಎಂದರೆ ಹೀಗೆ. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಲೋಡ್‌ನಲ್ಲಿ ಒಂದು ಕುದುರೆಶಕ್ತಿಗೆ ಗಂಟೆಗೆ ಸುಮಾರು 0.27 ಕೆಜಿ ಪೆಟ್ರೋಲ್ ಕುಡಿಯುತ್ತದೆ. ಈ ಸೆಟಪ್‌ನಲ್ಲಿ ನಿರೀಕ್ಷೆ 300 ಕುದುರೆಶಕ್ತಿ. ಸುಮಾರು 81 ಕೆಜಿ. ಲೀಟರ್‌ಗೆ 0.74 ಕೆಜಿ ಹಿಡಿದರೆ 110 ಲೀಟರ್. ನಾಲ್ಕು ಇಂಜೆಕ್ಟರ್‌ಗೆ ಹಂಚಿದರೆ ಒಂದಕ್ಕೆ ನಿಮಿಷಕ್ಕೆ 460 ಸಿಸಿ ಹತ್ತಿರ. ಅಂದರೆ ಪಂಪ್ ಸರಿ ಇದ್ದಿದ್ದರೂ 440 ಸಿಸಿ ಇಂಜೆಕ್ಟರ್ 3 ಬಾರ್‌ನಲ್ಲಿ ಸಾಲುತ್ತಿರಲಿಲ್ಲ. ಎರಡು ಕಾಯಿಲೆ ಒಟ್ಟಿಗೆ ಇದ್ದವು. ವರ್ಕ್‌ಶಾಪ್‌ನವರು ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟಿದ್ದರು.

ಪಂಪ್ ಸೋತಿದೆ ಎಂದ ತಕ್ಷಣ ಪಂಪ್ ಬದಲಿಸಲು ಹೋಗಲಿಲ್ಲ. ಸೋತದ್ದು ಪಂಪೋ, ಅದಕ್ಕೆ ಹೋಗುವ ಕರೆಂಟೋ? ಹಿಂದಿನ ಸೀಟ್ ಎತ್ತಿ ಟ್ಯಾಂಕ್ ಮುಚ್ಚಳದ ಕನೆಕ್ಟರ್ ನೋಡಿದೆ. ಬಿಳಿ ಪ್ಲಾಸ್ಟಿಕ್ ಒಂದು ಪಿನ್ ಸುತ್ತ ಕಾಫಿ ಬಣ್ಣಕ್ಕೆ ತಿರುಗಿತ್ತು. ಉಗುರಿನಲ್ಲಿ ಕೆರೆದರೆ ಪುಡಿಪುಡಿ. ಮಲ್ಟಿಮೀಟರ್ ಹಿಡಿದು ಲೋಡ್‌ನಲ್ಲಿ ಅಳೆದಾಗ ಆಲ್ಟರ್ನೇಟರ್ ಕಡೆ 13.9 ವೋಲ್ಟ್, ಪಂಪ್ ಕಡೆ 11.2. ದಾರಿಯಲ್ಲೇ 2.7 ವೋಲ್ಟ್ ಮಾಯ. ಅದರಲ್ಲಿ 0.9 ಬರೀ ಅರ್ತ್ ಕಡೆಯದು. ಬಾಡಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ತುಕ್ಕು ಹಿಡಿದಿತ್ತು.

ಡಿಸಿ ಮೋಟರ್ ಪಂಪ್‌ಗೆ ವೋಲ್ಟೇಜ್ ಇಳಿದರೆ ವೇಗ ಇಳಿಯುತ್ತದೆ. ಒತ್ತಡ ಜಾಸ್ತಿ ಇರುವಾಗ ಆ ಪೆಟ್ಟು ಇನ್ನೂ ಜೋರು. ಬ್ಯಾಟರಿಯಿಂದ ನೇರ 4 ಚದರ ಮಿಲಿಮೀಟರ್ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇಟ್ಟು, ಹಿಂದೆ ಟ್ಯಾಂಕ್ ಹತ್ತಿರ ಒಂದು ರಿಲೇ ಕೂರಿಸಿದೆ. ಹಳೇ ಪಂಪ್ ವೈರ್ ಈಗ ರಿಲೇಗೆ ಸಿಗ್ನಲ್ ಮಾತ್ರ ಕೊಡುತ್ತದೆ. ಹಾಗೆ ಮಾಡಿದರೆ ಅಪಘಾತವಾಗಿ ಎಂಜಿನ್ ನಿಂತಾಗ ಇಸಿಯು ಮೊದಲಿನ ಹಾಗೆ ಪಂಪ್ ಆಫ್ ಮಾಡಬಲ್ಲದು. ಕೆಲವರು ಸ್ವಿಚ್ ಹಾಕಿ ನೇರ ಕೊಟ್ಟುಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅರ್ತ್ ಜಾಗ ಉಜ್ಜಿ ಹೊಸದಾಗಿ ಕೊಟ್ಟೆ. ಪಂಪ್‌ನಲ್ಲಿ 13.4 ವೋಲ್ಟ್ ಬಂತು.

ಬರೀ ಇಷ್ಟಕ್ಕೇ 6600ರಲ್ಲಿ ರೈಲ್ 4.3 ಇದ್ದದ್ದು 4.9 ಆಯಿತು. ಲ್ಯಾಂಬ್ಡಾ 0.95 ಇದ್ದದ್ದು 0.86. ಒಂದು ಭಾಗವನ್ನೂ ಬದಲಿಸದೆ, ವೈರ್ ಮತ್ತು ರಿಲೇಯಿಂದ. ಸಾಲುವುದಿಲ್ಲ, ನಿಜ. ಆದರೆ ವೈರ್ ಸರಿಮಾಡದೆ ದೊಡ್ಡ ಪಂಪ್ ಹಾಕಿದ್ದರೆ ಅದು ಇನ್ನೂ ಜಾಸ್ತಿ ಕರೆಂಟ್ ಎಳೆದು ಆ ಕಾಫಿ ಬಣ್ಣದ ಕನೆಕ್ಟರನ್ನು ಕರಗಿಸಿಬಿಡುತ್ತಿತ್ತು. ಅದೂ ಟ್ಯಾಂಕ್ ಮೇಲೆ.

ಫಿಲ್ಟರ್ ಕೂಡ ಬದಲಿಸಿದೆವು. 0.1 ಬಾರ್ ಸಿಕ್ಕಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಆಮೇಲೆ ಪಂಪ್. ಡಬ್ಬಿ ಮೇಲೆ "ಗಂಟೆಗೆ 255 ಲೀಟರ್" ಅಂತ ಇರುತ್ತದೆ. ಅದು ಯಾವ ಒತ್ತಡದಲ್ಲಿ, ಯಾವ ವೋಲ್ಟೇಜ್‌ನಲ್ಲಿ ಎಂದು ಕೇಳಬೇಕು. ಚಾರ್ಟ್ ತೆಗೆದು 4.5 ಬಾರ್ ಸಾಲಿಗೆ ಹೋದರೆ ಸುಮಾರು 200 ಲೀಟರ್. ನಮಗೆ ಬೇಕಿದ್ದದ್ದು 110. ಧಾರಾಳ ಆಯಿತು. ಧಾರಾಳವೂ ಅತಿಯಾದರೆ ತೊಂದರೆ. ತುಂಬ ದೊಡ್ಡ ಪಂಪ್ ಹಾಕಿದರೆ ಐಡ್ಲಿಂಗ್‌ನಲ್ಲಿ ವಾಪಸ್ ಹೋಗುವ ಪೆಟ್ರೋಲ್ ರಿಟರ್ನ್ ಪೈಪ್‌ನಲ್ಲಿ ಹಿಡಿಸದೆ ಒತ್ತಡ ತಾನಾಗಿ ಏರಿಬಿಡುತ್ತದೆ. ಹೊಸ ಪಂಪ್ ಹಾಕಿ, ರೆಗ್ಯುಲೇಟರ್ ಪೈಪ್ ಕಿತ್ತು ನೋಡಿದೆ. ಇಟ್ಟಲ್ಲೇ ನಿಂತಿತು.

ಇಂಜೆಕ್ಟರ್ ಆರಿಸುವಾಗ ಹುಡುಗನಿಗೆ 1000 ಸಿಸಿ ಮೇಲೆ ಆಸೆ. "ಮುಂದೆ ಇನ್ನೂ ಪವರ್ ಮಾಡಿಸ್ತೀನಲ್ಲ ಅಣ್ಣಾ, ಒಂದೇ ಸಲ ಹಾಕ್ಬಿಡೋಣ." ನಾನು 650ಕ್ಕೆ ನಿಲ್ಲಿಸಿದೆ. ಕಾರಣ ಐಡ್ಲಿಂಗ್‌ನಲ್ಲಿದೆ. ಈ ಎಂಜಿನ್ ಸುಮ್ನೆ ನಿಂತಿರುವಾಗ ಗಂಟೆಗೆ ಸುಮಾರು 1 ಲೀಟರ್ ಕುಡಿಯುತ್ತದೆ. 850 ಆರ್‌ಪಿಎಂಗೆ ಲೆಕ್ಕ ಹಾಕಿದರೆ ಒಂದು ಸಲ ಚಿಮುಕಿಸುವುದು ಒಂದು ಮಿಲಿಲೀಟರ್‌ನ ನೂರನೇ ಒಂದು ಭಾಗ. 440 ಸಿಸಿ ಇಂಜೆಕ್ಟರ್ ಅದಕ್ಕೆ 1.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 650 ಆದರೆ 0.9. 1000 ಆದರೆ 0.6. ಸಮಯ ಇಷ್ಟು ಕಿರಿದಾದಾಗ ಸೂಜಿ ಪೂರ್ತಿ ಏಳುವ ಮೊದಲೇ ಇಳಿಯುವ ಹೊತ್ತಾಗಿರುತ್ತದೆ. ಆಗ ಪ್ರತಿ ಸಲ ಬೀಳುವ ಹನಿ ಒಂದೇ ಅಳತೆಯಲ್ಲಿರುತ್ತದೆ ಅನ್ನುವ ಭರವಸೆ ಇಲ್ಲ. ಒಳ್ಳೆಯ 1000 ಸಿಸಿ ಇಂಜೆಕ್ಟರ್‌ಗಳು ಇದನ್ನೂ ನಿಭಾಯಿಸುತ್ತವೆ. ಆದರೆ ಬೇಡದ ಕಡೆ ಆ ಪರೀಕ್ಷೆ ಯಾಕೆ?

ರೆಗ್ಯುಲೇಟರನ್ನು ವಾಪಸ್ 3 ಬಾರ್‌ಗೆ ಇಳಿಸಿದೆ. ಇದಕ್ಕೂ ಅವನ ಮುಖ ಸಣ್ಣದಾಯಿತು. 650 ಸಿಸಿ 3 ಬಾರ್‌ನಲ್ಲೇ ಸಾಕು, 6600ರಲ್ಲಿ ಡ್ಯೂಟಿ ಶೇ. 76 ಬರುತ್ತದೆ. ಒತ್ತಡ ಕಮ್ಮಿ ಇಟ್ಟಷ್ಟೂ ಪಂಪ್ ಹಗುರ. ಒತ್ತಡ ಏರಿಸುವುದು ಕೆಟ್ಟ ಉಪಾಯವೇನಲ್ಲ, ಪಂಪ್ ಗಟ್ಟಿ ಇದ್ದು ಇಂಜೆಕ್ಟರ್ ಒಂಚೂರು ಮಾತ್ರ ಸಾಲದಿದ್ದಾಗ ನಾನೂ ಮಾಡಿದ್ದೇನೆ.

ಹಾಕುವಾಗ ಒಂದು ಎಡವಟ್ಟು. ಪಂಪ್ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ರೈಲ್ ಒತ್ತಡ ತೆಗೆದಿದ್ದೆವು. ಓ ರಿಂಗ್‌ಗಳಿಗೆ ಒಂದೊಂದು ಹನಿ ಆಯಿಲ್ ಸವರಿ ರೈಲ್‌ಗೆ ತಳ್ಳಿದೆವು. ನಾಲ್ಕನೆಯದು ಸ್ವಲ್ಪ ಬಿಗಿ ಅನಿಸಿತ್ತು. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಪಂಪ್ ಓಡಿಸಿ ನೋಡಿದಾಗ ಆ ಇಂಜೆಕ್ಟರ್ ಕುತ್ತಿಗೆಯಲ್ಲಿ ಒಂದು ಹನಿ ಮೂಡಿ ಹೊಳೆಯಿತು. ಬಿಚ್ಚಿ ನೋಡಿದರೆ ಓ ರಿಂಗ್ ಅಂಚಿನಲ್ಲಿ ಉಗುರಿನಷ್ಟು ಕಡಿದಿತ್ತು. ಬಿಸಿ ಎಕ್ಸಾಸ್ಟ್ ಮೇಲೆ ಆ ಹನಿ ಬಿದ್ದಿದ್ದರೆ? ಅದಕ್ಕೇ ಈ ಕೆಲಸದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಎಟುಕುವ ಹಾಗೆ ಇರಬೇಕು.

ಮ್ಯಾಪಿಂಗ್‌ನಲ್ಲಿ, ಅಂದರೆ ಇಸಿಯುಗೆ ಹೊಸ ಲೆಕ್ಕ ತುಂಬುವಾಗ, ನನ್ನದೂ ಒಂದು ತಪ್ಪಾಯಿತು, ಅದನ್ನೂ ಹೇಳಿಬಿಡುತ್ತೇನೆ. ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟ ತಕ್ಷಣ ಪೆಟ್ರೋಲ್ ಬರುವುದಿಲ್ಲ. ಕಾಯಿಲ್ ಸೂಜಿಯನ್ನು ಎತ್ತಲು ಸ್ವಲ್ಪ ಹೊತ್ತು ಬೇಕು. ಇದಕ್ಕೆ ಡೆಡ್ ಟೈಮ್ ಅನ್ನುತ್ತಾರೆ. ನಮ್ಮ ಹೊಸ ಇಂಜೆಕ್ಟರ್‌ಗಳ ಡೇಟಾದಲ್ಲಿ 14 ವೋಲ್ಟ್‌ಗೆ 0.95 ಮಿಲಿಸೆಕೆಂಡ್, 12 ವೋಲ್ಟ್‌ಗೆ 1.25 ಅಂತ ಇತ್ತು. ವೋಲ್ಟೇಜ್ ಇಳಿದರೆ ಡೆಡ್ ಟೈಮ್ ಏರುತ್ತದೆ. ನಾನು 14 ವೋಲ್ಟ್ ಕಾಲಂ ಬದಲಿಸಿ, ಉಳಿದ ಕಾಲಂಗಳಲ್ಲಿ ಹಳೇ ಇಂಜೆಕ್ಟರ್ ಲೆಕ್ಕವನ್ನೇ ಬಿಟ್ಟಿದ್ದೆ. ಫುಲ್ ಥ್ರಾಟಲ್ ಸೊಗಸಾಗಿತ್ತು, ಐಡ್ಲಿಂಗ್ ಕೂಡ. ಹೊರಡುವ ಮುಂಚೆ ಹೆಡ್‌ಲೈಟ್, ಎಸಿ, ರೇಡಿಯೇಟರ್ ಫ್ಯಾನ್ ಎಲ್ಲ ಹಾಕಿದೆ. ವೋಲ್ಟೇಜ್ 14ರಿಂದ 12.8ಕ್ಕೆ ಇಳಿಯಿತು. ಎಂಜಿನ್ ತಡವರಿಸತೊಡಗಿತು. ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ತಾನಾಗಿ ಮಾಡುವ ಪೆಟ್ರೋಲ್ ತಿದ್ದುಪಡಿ, ಶೇ. 13 ಮೇಲಕ್ಕೆ ಓಡಿತು.

ಟೇಬಲ್‌ನಲ್ಲಿದ್ದ ಡೆಡ್ ಟೈಮ್‌ಗೂ 12.8 ವೋಲ್ಟ್‌ಗೆ ನಿಜಕ್ಕೂ ಬೇಕಾದದ್ದಕ್ಕೂ ಬರೀ 0.12 ಮಿಲಿಸೆಕೆಂಡ್ ವ್ಯತ್ಯಾಸ ಅದು. 6600ರಲ್ಲಿ ಇಂಜೆಕ್ಟರ್ 13 ಮಿಲಿಸೆಕೆಂಡ್ ತೆರೆದಿರುವಾಗ 0.12 ಅಂದರೆ ಶೇ. 1, ಲೆಕ್ಕಕ್ಕೇ ಇಲ್ಲ. ಐಡ್ಲಿಂಗ್‌ನಲ್ಲಿ 0.9ರಲ್ಲಿ 0.12 ಹೋದರೆ ಶೇ. 13. ಡೈನೋ ಶೀಟ್ ಚೆನ್ನಾಗಿ ಬಂದು, ಸಿಗ್ನಲ್‌ನಲ್ಲಿ ಆಫ್ ಆಗುವ ಗಾಡಿಗಳ ಗುಟ್ಟು ಬಹಳ ಸಲ ಇಷ್ಟೇ. ಪೂರ್ತಿ ಟೇಬಲ್ ತುಂಬಿಸಿದ ಮೇಲೆ ಫ್ಯಾನ್ ಆನ್ ಆದದ್ದು ಟ್ರಿಮ್‌ಗೆ ಗೊತ್ತೇ ಆಗಲಿಲ್ಲ.

ಇನ್ನೊಂದು ಅಡ್ಡದಾರಿ ಇದೆ. ಇಂಜೆಕ್ಟರ್ ಡೇಟಾ ಮುಟ್ಟದೆ ಏರ್‌ಫ್ಲೋ ಸೆನ್ಸರ್ ಲೆಕ್ಕವನ್ನೇ ಕಮ್ಮಿ ಮಾಡಿ ಲ್ಯಾಂಬ್ಡಾ ಸರಿತೋರಿಸುವುದು. ಗಾಳಿ ಕಮ್ಮಿ ಬರುತ್ತಿದೆ ಅಂದುಕೊಂಡ ಇಸಿಯು ಲೋಡ್ ಕಮ್ಮಿ ಅಂತ ತಿಳಿದು ಟೈಮಿಂಗ್ ಮುಂದಕ್ಕೆ ಹಾಕುತ್ತದೆ. ಪೆಟ್ರೋಲ್ ಸರಿಹೋಯಿತು ಅನ್ನುವಷ್ಟರಲ್ಲಿ ನಾಕಿಂಗ್ ಶುರು.

ಕೊನೆಯ ಲಾಗ್: 6600 ಆರ್‌ಪಿಎಂ, ಬೂಸ್ಟ್ 1.5, ರೈಲ್ 4.5, ವ್ಯತ್ಯಾಸ 3.0. ಲ್ಯಾಂಬ್ಡಾ 0.79. ನಾಕ್‌ಗೆ ಹಿಂದಕ್ಕೆ ಎಳೆದ ಟೈಮಿಂಗ್ ಸೊನ್ನೆ. ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿದ್ದಾಗ ಮೂರನೇ ಸಿಲಿಂಡರ್‌ನದರ ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆಗಳಿದ್ದವು. ನಡುವೆ ಒಂದೆರಡು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಪಿಸ್ಟನ್‌ನ ಅಲ್ಯೂಮಿನಿಯಂ ಅದು. ಕಂಪ್ರೆಷನ್ ಉಳಿದ ಮೂರರಲ್ಲಿ 11 ಬಾರ್ ಆಸುಪಾಸು, ಅದರಲ್ಲಿ 10.4. ಓಡಿಸಬಹುದು, ಆದರೆ ಬೂಸ್ಟ್ ಇನ್ನು ಏರಿಸುವ ಮಾತು ಬೇಡ ಅಂದೆ. ಅವನು ತಲೆ ಆಡಿಸಿದ. 1000 ಸಿಸಿ ಮಾತು ಆಮೇಲೆ ಬರಲಿಲ್ಲ.

ಪ್ರೆಶರ್ ಸೆನ್ಸರನ್ನು ಬಿಚ್ಚದೆ ಅಲ್ಲೇ ಬಿಟ್ಟು ಇಸಿಯುಗೆ ಜೋಡಿಸಿದೆ. ಬೂಸ್ಟ್‌ನಲ್ಲಿರುವಾಗ ವ್ಯತ್ಯಾಸ 2.7 ಬಾರ್‌ಗಿಂತ ಕೆಳಗೆ 0.2 ಸೆಕೆಂಡ್ ನಿಂತರೆ ಎಂಜಿನ್ ಕಟ್ ಆಗಬೇಕು. ಎರಡು ತಿಂಗಳ ನಂತರ ಫೋನ್. "ಅಣ್ಣಾ, ಉದ್ದನೇ ತಿರುವಲ್ಲಿ ಫುಲ್ ಕೊಟ್ಟಿದ್ದೆ, ಇದ್ದಕ್ಕಿದ್ದ ಹಾಗೆ ಕಟ್ ಆಯ್ತು. ಪಂಪ್ ಹೋಯ್ತಾ?" ಲಾಗ್ ಕಳಿಸಲು ಹೇಳಿದೆ. ತಿರುವಿನ ನಡುವೆ ಒತ್ತಡ ಅರ್ಧ ಸೆಕೆಂಡ್ ಕುಸಿದು ಮತ್ತೆ ನೆಟ್ಟಗೆ ನಿಂತಿತ್ತು. ವೋಲ್ಟೇಜ್ ಸರಿ ಇತ್ತು.

"ಟ್ಯಾಂಕಲ್ಲಿ ಎಷ್ಟಿತ್ತು ಪೆಟ್ರೋಲ್?"

"ಕಾಲು ಭಾಗಕ್ಕಿಂತ ಕಮ್ಮಿ."

ಪೆಟ್ರೋಲ್ ಎಲ್ಲ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆದಿತ್ತು. ಈಗ ಅವನು ಜೋರಾಗಿ ಓಡಿಸುವ ದಿನ ಅರ್ಧ ಟ್ಯಾಂಕ್‌ಗಿಂತ ಕೆಳಗೆ ಇಳಿಸುವುದಿಲ್ಲ.